ತರಂಗಗಳ ಗೋಮಾಳ: ಮನೆಯ ವೈಫೈ ರೂಟರಿಗೊಂದು ಚರಿತ್ರೆ

ಮನೆಗೆ ಹೊಸ ವೈಫೈ ರೂಟರ್ ಜೋಡಿಸಲು ಬಂದ ಹುಡುಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾನೆ. ಆಮೇಲೆ ಅದರ ಒಳಪುಟವನ್ನು ತೆರೆದು ನೋಡುವವರು ಕಡಿಮೆ. ರೂಟರಿನ ಬೆನ್ನಿಗೆ ಅಂಟಿಸಿರುವ ವಿಳಾಸವನ್ನು, ಸಾಮಾನ್ಯವಾಗಿ 192.168 ಎಂದು ಶುರುವಾಗುವ ಅಂಕಿಗಳನ್ನು, ಬ್ರೌಸರಿನಲ್ಲಿ ಹಾಕಿದರೆ ಆ ಪುಟ ಸಿಗುತ್ತದೆ. ದೇಶ, ಚಾನೆಲ್, ಚಾನೆಲ್ಲಿನ ಅಗಲ, ಪ್ರಸಾರದ ಶಕ್ತಿ, ಭದ್ರತೆ ಎಂದು ಅಲ್ಲಿ ಹಲವು ಆಯ್ಕೆಗಳಿರುತ್ತವೆ. ದೇಶದ ಜಾಗದಲ್ಲಿ ಅಮೆರಿಕ ಎಂದು ಆರಿಸಿದರೆ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 11 ಚಾನೆಲ್‌ಗಳು ಕಾಣುತ್ತವೆ. ಭಾರತ ಎಂದರೆ 13. ತರಂಗಕ್ಕೆ ಗಡಿ ಗೊತ್ತಿಲ್ಲ, ಗಡಿ ಇರುವುದು ಕಾನೂನಿಗೆ. ಚರಿತ್ರೆಯ ವಿದ್ಯಾರ್ಥಿಗೆ ಈ ಪುಟ ತಾಂತ್ರಿಕ ವಿವರಗಳ ಪಟ್ಟಿಯಂತೆ ಕಾಣುವುದಿಲ್ಲ. ತರಂಗಗಳು ಯಾರ ಸ್ವತ್ತು ಎಂಬ ಹಳೆಯ ವ್ಯಾಜ್ಯದಲ್ಲಿ ಕಾಲಕಾಲಕ್ಕೆ ಬಂದ ತೀರ್ಪುಗಳ ಕಡತದಂತೆ ಕಾಣುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ರೂಟರ್ ಒಂದು ಪುಟ್ಟ ಬಾನುಲಿ ನಿಲಯ. ಅದು ಕೇಳುವುದಷ್ಟೇ ಅಲ್ಲ, ಪ್ರಸಾರವನ್ನೂ ಮಾಡುತ್ತದೆ. ನಮ್ಮ ಜೇಬಿನ ಮೊಬೈಲು ಕೂಡ ಅದಕ್ಕೆ ಉತ್ತರ ಕೊಡುವಾಗ ಇನ್ನೊಂದು ನಿಲಯವೇ. ಇಂಥ ಪ್ರಸಾರ ಯಂತ್ರವೊಂದು ಯಾರ ಅಪ್ಪಣೆಯೂ ಇಲ್ಲದೆ ನಮ್ಮ ನಡುಮನೆಯಲ್ಲಿ ಹಗಲಿರುಳು ನಡೆಯುತ್ತಿದೆ ಎನ್ನುವುದು ಭಾರತದ ಚರಿತ್ರೆಯಲ್ಲಿ ತೀರ ಇತ್ತೀಚಿನ ಸಂಗತಿ.

1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತಿ ವ್ಯವಸ್ಥೆಯ ಹಕ್ಕನ್ನು ಸರ್ಕಾರದ ಕೈಯಲ್ಲಿಟ್ಟಿತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣವನ್ನು ಹೊಂದಿರುವುದನ್ನೇ ಅಪರಾಧವಾಗಿಸಿತು. ಆದರೂ ಮನೆಯಿಂದ ಪ್ರಸಾರ ಮಾಡುವ ಆಸೆ ಆಗಲೇ ಇತ್ತು. ಅರಸರ ಆಳ್ವಿಕೆಯ ಮೈಸೂರಿನಲ್ಲಿ, 1935ರ ಸೆಪ್ಟೆಂಬರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಬಾನುಲಿ ನಿಲಯವೊಂದನ್ನು ಆರಂಭಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ನಿಲಯವನ್ನು ಮೈಸೂರು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು.

ಇದರ ಇನ್ನೊಂದು ಮುಖ 1942ರ ಬೊಂಬಾಯಿಯಲ್ಲಿ ಕಾಣುತ್ತದೆ. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಉಷಾ ಮೆಹ್ತಾ ಮತ್ತು ಸಂಗಾತಿಗಳು ‘ಕಾಂಗ್ರೆಸ್ ರೇಡಿಯೋ’ ನಡೆಸಿದರು. ಪೊಲೀಸರ ಕಣ್ಣು ತಪ್ಪಿಸಲು ಪ್ರಸಾರ ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದರು. ಆಗಸ್ಟಿನಲ್ಲಿ ಆರಂಭವಾದ ಪ್ರಸಾರ ನವೆಂಬರಿನಲ್ಲಿ ಬಂಧನದೊಂದಿಗೆ ಮುಗಿಯಿತು. ಉಷಾ ಮೆಹ್ತಾ ನಾಲ್ಕು ವರ್ಷ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೂ ಕಾನೂನು ಹಾಗೇ ಉಳಿಯಿತು. ಪ್ರಸಾರದ ಮಾತಿರಲಿ, ಮನೆಯಲ್ಲಿ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ನಮ್ಮ ಅಜ್ಜ ಅಜ್ಜಿಯರ ತಲೆಮಾರಿಗೆ ಚೆನ್ನಾಗಿ ನೆನಪಿದೆ. ಈ ಪದ್ಧತಿ ಹೋದದ್ದು 1980ರ ದಶಕದಲ್ಲಿ.

ಅದೇ ದಶಕದಲ್ಲಿ ಅಮೆರಿಕದಲ್ಲಿ ನಡೆದ ಒಂದು ಘಟನೆ ನಮ್ಮ ರೂಟರಿನ ದಾರಿಯನ್ನು ತೆರೆಯಿತು. ಅದನ್ನು ಅರಿಯಲು ಗೋಮಾಳದ ಹೋಲಿಕೆ ನೆರವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಗದ್ದೆ ಹೊಲಗಳಿಗೆ ಪಹಣಿಯಲ್ಲಿ ಒಬ್ಬೊಬ್ಬ ಒಡೆಯನ ಹೆಸರಿರುತ್ತದೆ. ಊರ ದನ ಮೇಯಲೆಂದು ಬಿಟ್ಟ ಗೋಮಾಳಕ್ಕೆ ಹಾಗಿಲ್ಲ. ಅಲ್ಲಿ ಯಾರ ದನವಾದರೂ ಮೇಯಬಹುದು, ಆದರೆ ಯಾರೂ ಬೇಲಿ ಹಾಕುವಂತಿಲ್ಲ. ಬಾನುಲಿ ತರಂಗಗಳ ಹಂಚಿಕೆಯೂ ಬಹುಕಾಲ ಹೊಲಗದ್ದೆಯಂತೆಯೇ ನಡೆದಿತ್ತು. ಈ ಪಟ್ಟಿ ಸೇನೆಗೆ, ಇದು ವಿಮಾನಗಳಿಗೆ, ಇದು ಬಾನುಲಿಗೆ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಕೆಲವು ತುಂಡುಗಳನ್ನು ಸಂಪರ್ಕಕ್ಕಲ್ಲದ ಕೆಲಸಗಳಿಗೆ, ಅಂದರೆ ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಯಂತ್ರಗಳಿಗೆ ಬಿಟ್ಟಿತು. 2.4 ಗಿಗಾಹರ್ಟ್ಸ್ ಸುತ್ತಲಿನ ಜಾಗ ಅವುಗಳಲ್ಲೊಂದು. ಮೈಕ್ರೋವೇವ್ ಒಲೆ 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದು ಇದೇ ಕಾರಣಕ್ಕೆ. ನೀರಿನ ಅಣು ಅದೊಂದೇ ಆವರ್ತನಕ್ಕೆ ಕಂಪಿಸುತ್ತದೆ ಎಂಬ ಜನಜನಿತ ಮಾತು ಸರಿಯಲ್ಲ. ಒಲೆಗಳ ಗದ್ದಲ ತುಂಬಿದ ಈ ಬ್ಯಾಂಡನ್ನು ಸಂಪರ್ಕದ ಕೆಲಸಕ್ಕೆ ಯೋಗ್ಯವಲ್ಲದ ಕಸದ ಜಾಗವೆಂದೇ ಹಲವರು ಎಣಿಸಿದ್ದರು.

ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಲ್ಲಿದ್ದ ಮೈಕೆಲ್ ಮಾರ್ಕಸ್ ಎಂಬ ಎಂಜಿನಿಯರ್‌ಗೆ ಹಾಗನ್ನಿಸಲಿಲ್ಲ. ಸಂಕೇತವನ್ನು ಒಂದೇ ಆವರ್ತನದಲ್ಲಿ ಗಟ್ಟಿಯಾಗಿ ಕೂಗುವ ಬದಲು ಅಗಲವಾದ ಪಟ್ಟಿಯ ಮೇಲೆ ತೆಳ್ಳಗೆ ಹರಡಿದರೆ, ಗದ್ದಲದ ನಡುವೆಯೂ ಅದನ್ನು ಹೆಕ್ಕಿ ತೆಗೆಯಬಹುದು. ಸೇನೆಯಲ್ಲಿ ಬಳಕೆಯಲ್ಲಿದ್ದ ಈ ತಂತ್ರವನ್ನು ಜನರ ಬಳಕೆಗೆ ಬಿಡಬೇಕೆಂಬ ವಿಚಾರಣೆ 1981ರಲ್ಲಿ ಶುರುವಾಗಿ, 1985ರ ಮೇ 9ರಂದು ನಿಯಮವಾಗಿ ಹೊರಬಂತು. ಮೂರು ಕಸದ ಬ್ಯಾಂಡುಗಳಲ್ಲಿ, ಮಿತಿಯೊಳಗಿನ ಶಕ್ತಿಯಲ್ಲಿ, ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡಬಹುದು. ತರಂಗಗಳ ಗೋಮಾಳ ಹುಟ್ಟಿದ್ದು ಹೀಗೆ.

ಗೋಮಾಳ ಬಿಟ್ಟರೆ ಸಾಲದು, ಜಗಳವಾಡದೆ ಮೇಯಿಸುವ ಕ್ರಮವೂ ಬೇಕು. ಆ ಕ್ರಮದ ಮೊದಲ ಪಾಠ ಅದಾಗಲೇ ಪೆಸಿಫಿಕ್ ಸಾಗರದ ನಡುವೆ ನಡೆದಿತ್ತು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಹೋದ್ಯೋಗಿಗಳು ದ್ವೀಪದಿಂದ ದ್ವೀಪಕ್ಕೆ ಕಂಪ್ಯೂಟರ್ ಸಂಪರ್ಕ ಕೊಡಲು ಬಾನುಲಿಯನ್ನು ಬಳಸಿದರು. 1971ರಲ್ಲಿ ಕೆಲಸ ಶುರು ಮಾಡಿದ ಅವರ ‘ಅಲೋಹಾ’ ಜಾಲದಲ್ಲಿ ಎಲ್ಲರೂ ಒಂದೇ ಆವರ್ತನವನ್ನು ಹಂಚಿಕೊಂಡಿದ್ದರು. ಸರದಿ ನಿರ್ಧರಿಸುವ ಯಜಮಾನನಿರಲಿಲ್ಲ. ಹೇಳಬೇಕಾದಾಗ ಹೇಳು, ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಹೇಳಿ. ಇಷ್ಟೇ ನಿಯಮ. ಈ ಸರಳ ಕ್ರಮದಲ್ಲಿ ಹೆಚ್ಚೆಂದರೆ ಶೇಕಡ 18ರಷ್ಟು ಸಮಯ ಮಾತ್ರ ಸಾರ್ಥಕವಾಗುತ್ತದೆಂದು ಲೆಕ್ಕ ತೋರಿಸಿತು. ಮುಂದಿನವರು ಅದಕ್ಕೊಂದು ನಡವಳಿಕೆಯನ್ನು ಸೇರಿಸಿದರು. ಮಾತಾಡುವ ಮುನ್ನ ಕಿವಿಗೊಡು, ಬೇರೆಯವರು ಮಾತಾಡುತ್ತಿದ್ದರೆ ಸುಮ್ಮನಿರು. ನಮ್ಮ ರೂಟರ್ ಇಂದಿಗೂ ಪಾಲಿಸುತ್ತಿರುವುದು ಇದನ್ನೇ. ರೂಟರನ್ನು ಸರಿಯಾಗಿ ಹೊಂದಿಸುವುದೆಂದರೆ ಏನು ಎಂಬುದೂ ಇಲ್ಲೇ ಅಡಗಿದೆ.

ವೈಫೈಯನ್ನು ರೂಪಿಸಿದವರ ಮನಸ್ಸಿನಲ್ಲಿ ಮೊದಲಿಗೆ ಮನೆ ಇರಲಿಲ್ಲ, ಅಂಗಡಿ ಇತ್ತು. ಗಲ್ಲಾಪೆಟ್ಟಿಗೆ ಯಂತ್ರಗಳನ್ನು ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿಗೆ ಒಂದು ತೊಡಕಿತ್ತು. ದೊಡ್ಡ ಮಳಿಗೆಗಳು ಒಳಾಂಗಣವನ್ನು ಬದಲಿಸಿದಾಗಲೆಲ್ಲ ಗಲ್ಲಾಗಳ ತಂತಿಗಳನ್ನೂ ಕಿತ್ತು ಹೊಸದಾಗಿ ಎಳೆಯಬೇಕಿತ್ತು. ಕಂಪನಿಯ ನೆದರ್ಲೆಂಡ್ಸ್ ಶಾಖೆಯ ಎಂಜಿನಿಯರುಗಳು 1985ರ ನಿಯಮವನ್ನು ಬಳಸಿಕೊಂಡು ತಂತಿಯಿಲ್ಲದ ಗಲ್ಲಾಗಳನ್ನು ರೂಪಿಸಲು ಹೊರಟರು. ಪ್ರತಿ ಕಂಪನಿಯೂ ತನ್ನದೇ ಭಾಷೆಯಲ್ಲಿ ಪ್ರಸಾರ ಮಾಡಿದರೆ ಗೋಮಾಳದಲ್ಲಿ ಗದ್ದಲವೇ ಉಳಿಯುತ್ತದೆಂದು ಕಂಡಾಗ, ಅದೇ ಶಾಖೆಯ ವಿಕ್ ಹೇಯ್ಸ್ 802.11 ಎಂಬ ಸಂಖ್ಯೆಯ ಸಮಿತಿಯ ಅಧ್ಯಕ್ಷತೆ ವಹಿಸಿ ಎಲ್ಲರನ್ನೂ ಒಂದು ಮೇಜಿಗೆ ಕರೆದರು. 1997ರಲ್ಲಿ ಮೊದಲ ಸಾಮಾನ್ಯ ನಿಯಮಾವಳಿ ಬಂತು. ಅದರ ವೇಗ ಸೆಕೆಂಡಿಗೆ ಬರೀ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೆ ಏರಿತು. ಅದೇ ವರ್ಷದ ಜುಲೈಯಲ್ಲಿ ಆ್ಯಪಲ್ ಕಂಪನಿ ವೈರ್‌ಲೆಸ್ ಸಂಪರ್ಕವಿರುವ ಲ್ಯಾಪ್‌ಟಾಪನ್ನೂ, ಮನೆಯಲ್ಲಿಡುವ 299 ಡಾಲರಿನ ಪ್ರಸಾರ ಪೆಟ್ಟಿಗೆಯನ್ನೂ ಮಾರುಕಟ್ಟೆಗೆ ತಂದಿತು. ಅಂಗಡಿಯ ತಂತ್ರಜ್ಞಾನ ಮನೆಯ ಹೊಸಿಲು ದಾಟಿತು.

ವೈಫೈ ಕಥೆಯಲ್ಲಿ ಹಾಲಿವುಡ್ ನಟಿ ಹೆಡಿ ಲಾಮರ್ ಅವರ ಹೆಸರು ತಪ್ಪದೆ ಬರುತ್ತದೆ. ಅವರೂ ಸಂಗೀತಗಾರ ಜಾರ್ಜ್ ಆ್ಯಂಥೈಲ್ ಅವರೂ ಸೇರಿ ಆವರ್ತನದಿಂದ ಆವರ್ತನಕ್ಕೆ ಜಿಗಿಯುವ ಟಾರ್ಪಿಡೋ ನಿಯಂತ್ರಣಕ್ಕೆ ಪೇಟೆಂಟ್ ಪಡೆದದ್ದು ನಿಜ. ಅದು ದೊರೆತದ್ದು 1942ರ ಆಗಸ್ಟಿನಲ್ಲಿ, ಉಷಾ ಮೆಹ್ತಾ ಪ್ರಸಾರ ಆರಂಭಿಸಿದ ತಿಂಗಳಲ್ಲೇ. ಆದರೆ ಅವರನ್ನು ವೈಫೈಯ ತಾಯಿ ಎನ್ನುವುದು ಅತಿಶಯೋಕ್ತಿ. ಜಿಗಿತದ ತಂತ್ರ 1997ರ ನಿಯಮಾವಳಿಯಲ್ಲಿ ಒಂದು ಆಯ್ಕೆಯಾಗಿತ್ತಷ್ಟೆ. ಮನೆಮನೆಗೆ ಬಂದ 1999ರ ರೂಪ ಬೇರೆ ವಿಧಾನವನ್ನು ಹಿಡಿಯಿತು. ಒಬ್ಬ ತಾಯಿ ಅಥವಾ ತಂದೆಯನ್ನು ಹುಡುಕುವ ಚಟ ಬಿಟ್ಟರೆ ಮಾತ್ರ ಸಮಿತಿಗಳೂ ಕಾನೂನುಗಳೂ ಕೂಡಿ ಕಟ್ಟಿದ ಈ ಚರಿತ್ರೆ ಕಣ್ಣಿಗೆ ಬೀಳುತ್ತದೆ.

ಮನೆಯೊಳಗೆ ಬಂದ ತರಂಗಕ್ಕೆ ಎದುರಾದದ್ದು ಗೋಡೆ. ಕೋಣೆಯಲ್ಲಿ ಹೊರಟ ಸಂಕೇತ ನೇರವಾಗಿ ಒಮ್ಮೆ, ಗೋಡೆಗೆ ಬಡಿದು ಇನ್ನೊಮ್ಮೆ, ಬೀರುವಿಗೆ ಬಡಿದು ಮತ್ತೊಮ್ಮೆ ತಲುಪುತ್ತದೆ. ಖಾಲಿ ಸಭಾಂಗಣದಲ್ಲಿ ವೇಗವಾಗಿ ಮಾತಾಡಿದರೆ ಪ್ರತಿಧ್ವನಿಯಲ್ಲಿ ಪದಗಳು ಕಲಸಿಹೋಗುವಂತೆ ಇಲ್ಲೂ ಆಗುತ್ತದೆ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ಜಾನ್ ಓ’ಸಲಿವನ್ ಮತ್ತು ತಂಡ 1990ರ ದಶಕದಲ್ಲಿ ಇದನ್ನು ಎದುರಿಸಿತು. ಓ’ಸಲಿವನ್ ಮೂಲತಃ ರೇಡಿಯೋ ಖಗೋಳದವರು. 1970ರ ದಶಕದಲ್ಲಿ ಸ್ಫೋಟಗೊಳ್ಳುವ ಪುಟ್ಟ ಕಪ್ಪುಕುಳಿಗಳ ಸಂಕೇತವನ್ನು ಹುಡುಕಿ ಕಾಣದೆ ಮರಳಿದ್ದರು. ಮಸುಕಾದ ಸಂಕೇತವನ್ನು ಚೊಕ್ಕಗೊಳಿಸುವ ಆ ಹುಡುಕಾಟದ ಗಣಿತ ಇಲ್ಲಿ ಕೆಲಸಕ್ಕೆ ಬಂತು. ಒಂದೇ ದಾರಿಯಲ್ಲಿ ಓಡುವ ಬದಲು ಮಾಹಿತಿಯನ್ನು ಹಲವು ಸಣ್ಣ ಹೊಳೆಗಳಾಗಿ ಸೀಳಿ, ಪ್ರತಿಯೊಂದನ್ನೂ ನಿಧಾನವಾಗಿ ಹರಿಸಿದರೆ ಪ್ರತಿಧ್ವನಿ ಅಷ್ಟಾಗಿ ಕಾಡದು. 1996ರಲ್ಲಿ ಸಿಕ್ಕ ಅಮೆರಿಕದ ಪೇಟೆಂಟನ್ನು ಹಿಡಿದು ಸಂಸ್ಥೆ ದೊಡ್ಡ ಕಂಪನಿಗಳ ಮೇಲೆ ದಾವೆ ಹೂಡಿತು. 2009 ಮತ್ತು 2012ರ ರಾಜಿಗಳಲ್ಲಿ ಒಟ್ಟು 40 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಹಣ ಪಡೆಯಿತು. ಗೋಮಾಳ ಎಲ್ಲರದಾದರೂ ಅಲ್ಲಿ ಮೇಯುವ ವಿದ್ಯೆಗೆ ಒಡೆಯರಿದ್ದರು.

ಈ ಗಣಿತ ಪ್ರತಿಧ್ವನಿಯನ್ನು ಗೆದ್ದಿತೇ ಹೊರತು ಗೋಡೆಯನ್ನು ಕರಗಿಸಲಿಲ್ಲ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದು ಅದರ ಅರ್ಧದಷ್ಟು. ಎರಡನೆಯದು ವೇಗದ ದಾರಿ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಮಲೆನಾಡಿನ ದಪ್ಪ ಗೋಡೆಯ ಹಳೆಮನೆಗೂ ಬೆಂಗಳೂರಿನ ಕಾಂಕ್ರೀಟ್ ಫ್ಲ್ಯಾಟಿಗೂ ಒಂದೇ ಸಲಹೆ ಹೊಂದದಿರುವುದು ಇದರಿಂದಲೇ. ಆದರೂ ಕೆಲವು ಮಾತು ಎಲ್ಲ ಕಡೆಗೂ ಸಲ್ಲುತ್ತವೆ. ರೂಟರ್ ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿರಲಿ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕದಲ್ಲಿ, ಫ್ರಿಜ್ಜಿನ ಮೇಲೆ ಬೇಡ. ಲೋಹ ಮತ್ತು ಕನ್ನಡಿ ತರಂಗವನ್ನು ಹಿಂದಿರುಗಿಸುತ್ತವೆ, ನೀರು ಹೀರಿಕೊಳ್ಳುತ್ತದೆ. ದೂರದ ಕೋಣೆಗಾಗಿ ರಿಪೀಟರ್ ತರುವವರು ನೆನಪಿಡಬೇಕಾದದ್ದು, ಅದು ಕೇಳಿದ ಮಾತನ್ನೇ ಅದೇ ಚಾನೆಲ್ಲಿನಲ್ಲಿ ಇನ್ನೊಮ್ಮೆ ಹೇಳುತ್ತಿದ್ದರೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಒಂದು ತಂತಿ ಎಳೆದು ಅಲ್ಲಿ ಎರಡನೇ ಪ್ರಸಾರ ಪೆಟ್ಟಿಗೆ ಇಡುವುದೇ ಮೇಲು.

ಇನ್ನು ನಮ್ಮ ದೇಶದ ಕಥೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರದ ಹಕ್ಕಿನ ಮೊಕದ್ದಮೆಯೊಂದರಲ್ಲಿ, ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಹೇಳಿತು. ಅದು ಮನೆಯೊಳಗಿನ ಅನುಭವಕ್ಕೆ ಬರಲು ಹತ್ತು ವರ್ಷ ಬೇಕಾಯಿತು. 2005ರ ಜನವರಿಯಲ್ಲಿ ಬಂದ ಕೇಂದ್ರದ ಅಧಿಸೂಚನೆ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಬ್ಯಾಂಡನ್ನು, ಮನೆಯ ಒಳಗೂ ಹೊರಗೂ, ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ಮುಕ್ತಗೊಳಿಸಿತು. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್‌ನ ಬಹುಭಾಗವೂ ಹೀಗೆ ತೆರೆಯಿತು. ಈ ಸ್ವಾತಂತ್ರ್ಯಕ್ಕೆ ಷರತ್ತುಗಳಿವೆ. ಬೇರೆಯವರಿಗೆ ಅಡ್ಡಿ ಮಾಡಬಾರದು. ಬೇರೆಯವರಿಂದ ಅಡ್ಡಿಯಾದರೆ ರಕ್ಷಣೆ ಕೇಳುವಂತಿಲ್ಲ. ಯಾರೂ ಇದು ತನ್ನದೊಬ್ಬನದೇ ಎನ್ನುವಂತಿಲ್ಲ. ಊರ ಹಿರಿಯರು ಗೋಮಾಳಕ್ಕೆ ಬರೆಯಬಹುದಾಗಿದ್ದ ನಿಯಮವೂ ಇದಕ್ಕಿಂತ ಬೇರೆಯಾಗಿರುತ್ತಿರಲಿಲ್ಲ.

ಈ ಷರತ್ತುಗಳನ್ನು ಮನಸ್ಸಿನಲ್ಲಿಟ್ಟು ಒಳಪುಟವನ್ನು ಮತ್ತೆ ನೋಡಿದರೆ ಆಯ್ಕೆಗಳು ಬಾಯಿಬಿಡುತ್ತವೆ. 2.4ರಲ್ಲಿ ಹದಿಮೂರು ಚಾನೆಲ್ ಕಂಡರೂ ಅವು ಒಂದರ ಮೇಲೊಂದು ಹಾಸಿಕೊಂಡಿವೆ. ಸಾಲಾಗಿ 5 ಮೆಗಾಹರ್ಟ್ಸ್ ಅಂತರದಲ್ಲಿರುವ ಇವು ಒಂದೊಂದೂ ಸುಮಾರು 20 ಮೆಗಾಹರ್ಟ್ಸ್ ಜಾಗ ಬೇಡುತ್ತವೆ. ಒಂದಕ್ಕೊಂದು ತಾಗದಂತೆ ಆರಿಸಬಹುದಾದ ಮೂರು ಎಂದರೆ 1, 6 ಮತ್ತು 11. ಪಕ್ಕದ ಮನೆಯವರು 1ರಲ್ಲಿ, ಮೇಲಿನವರು 6ರಲ್ಲಿ ಇದ್ದಾರೆಂದು ನಾವು ನಡುವಿನ 3ಕ್ಕೆ ಹೋಗುವುದು ಜಾಣತನದಂತೆ ಕಾಣುತ್ತದೆ. ಆದರೆ ಆಗ ಇಬ್ಬರಿಗೂ ನಾವು ಅರ್ಥವಾಗದ ಗದ್ದಲವಾಗುತ್ತೇವೆ, ನಮಗೆ ಅವರು. 11 ಖಾಲಿಯಿದ್ದರೆ ಅದೇ ಸರಿ; ಇಲ್ಲದಿದ್ದರೆ 1ರಲ್ಲೇ ಪಕ್ಕದವರ ಜೊತೆ ಕೂರುವುದು ಲೇಸು. ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ, ಸರದಿಯಲ್ಲಿ ಮಾತಾಡಬಹುದು. ಅಗಲದ ಆಯ್ಕೆಯೂ ಹೀಗೇ. ವೇಗದ ಆಸೆಗೆ 2.4ರಲ್ಲಿ 40 ಮೆಗಾಹರ್ಟ್ಸ್ ಅಗಲ ಆರಿಸಿದರೆ ಬೀದಿಯ ಅರ್ಧ ಜಾಗ ನಮ್ಮದೇ ಆಗುತ್ತದೆ, ಡಿಕ್ಕಿಗಳೂ ಹೆಚ್ಚುತ್ತವೆ. ಅಲ್ಲಿ 20 ಸಾಕು. ಅಗಲ ಬೇಕಿದ್ದರೆ 5 ಗಿಗಾಹರ್ಟ್ಸ್‌ಗೆ ಹೋಗಬೇಕು. ಆದರೆ ಅಲ್ಲಿಯೂ ನಮಗಿಂತ ಹಿರಿಯ ಹಕ್ಕುದಾರರಿದ್ದಾರೆ. ಕೆಲವು ಚಾನೆಲ್‌ಗಳಲ್ಲಿ ರಾಡಾರಿನ ಸದ್ದು ಕೇಳಿದೊಡನೆ ರೂಟರ್ ತನ್ನ ಜಾಗ ಬಿಟ್ಟು ಏಳುತ್ತದೆ. ಇದ್ದಕ್ಕಿದ್ದಂತೆ ಸಂಪರ್ಕ ಕಡಿದು ಬೇರೆ ಚಾನೆಲ್ಲಿನಲ್ಲಿ ಮರಳಿದರೆ ಅದು ಯಂತ್ರದ ದೋಷವೇ ಆಗಿರಬೇಕಿಲ್ಲ.

ಪ್ರಸಾರದ ಶಕ್ತಿಯನ್ನು ಏರಿಸಿದರೆ ಎಲ್ಲ ಸರಿಹೋಗುತ್ತದೆಂಬುದು ಇನ್ನೊಂದು ನಂಬಿಕೆ. ಸಂಭಾಷಣೆಗೆ ಎರಡು ತುದಿ ಇವೆ. ರೂಟರಿನ ಕೂಗು ಹಿತ್ತಿಲಿಗೆ ಮುಟ್ಟಿದರೂ ಮೊಬೈಲಿನ ಸಣ್ಣ ದನಿ ಹಿಂದಿರುಗದಿದ್ದರೆ ಫಲವಿಲ್ಲ. ಪಕ್ಕದ ಮನೆಯ ರೂಟರ್ ಮಾತ್ರ ನಮ್ಮ ಕೂಗು ಕೇಳಿ ಸುಮ್ಮನೆ ಕಾಯುತ್ತಿರುತ್ತದೆ. ದೇಶದ ಆಯ್ಕೆಯನ್ನು ಬದಲಿಸಿ ಹೆಚ್ಚಿನ ಶಕ್ತಿ ಪಡೆಯುವ ಉಪಾಯ ಇಲ್ಲಿನ ಕಾನೂನಿಗೂ ವಿರುದ್ಧ. ಅಮೆರಿಕ ಎಂದು ಆರಿಸಿದ ರೂಟರ್, ಭಾರತದಲ್ಲಿ ಬೇರೆಯವರ ಪಾಲಿಗಿರುವ ಜಾಗದಲ್ಲಿ ಮಾತಾಡಿಬಿಡಬಹುದು.

ಪಾಸ್‌ವರ್ಡಿನದು ಇನ್ನೊಂದು ಅಧ್ಯಾಯ. ದಾರಿ ಎಲ್ಲರದಾದರೂ ಗಾಡಿಯ ಒಳಗಿನ ಸಾಮಾನು ನಮ್ಮದು. 1997ರ ನಿಯಮಾವಳಿಯಲ್ಲಿದ್ದ ಡಬ್ಲ್ಯೂಇಪಿ ಎಂಬ ಬೀಗದ ಕೀಲಿ 40 ಬಿಟ್ಟಿನದು. ಗಟ್ಟಿ ಗೂಢಲಿಪಿ ಹೊರದೇಶಗಳಿಗೆ ಹೋಗಬಾರದೆಂಬ ಆಗಿನ ಅಮೆರಿಕದ ರಫ್ತು ನೀತಿಯ ನೆರಳು ಅದರ ಮೇಲಿತ್ತು. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ಸಂಶೋಧಕರು ಅದರ ತಳದಲ್ಲಿದ್ದ ದೌರ್ಬಲ್ಯವನ್ನು ತೋರಿಸಿಕೊಟ್ಟರು. 2003ರಲ್ಲಿ ಡಬ್ಲ್ಯೂಪಿಎ, 2004ರಲ್ಲಿ ಅದರ ಎರಡನೆಯ, 2018ರಲ್ಲಿ ಮೂರನೆಯ ರೂಪ ಬಂದವು. ನಮ್ಮಲ್ಲಿ ಇದು ತಾಂತ್ರಿಕ ಚರ್ಚೆಯಾಗಿ ಉಳಿಯಲಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನ ಸ್ಫೋಟಗಳಿಗೆ ಸ್ವಲ್ಪ ಮೊದಲು ಹೊರಟ ಬೆದರಿಕೆಯ ಇಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬೈಯ ಮನೆಯೊಂದಕ್ಕೆ ಬಂದರು. ಆ ಮನೆಯ ಬೀಗವಿಲ್ಲದ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈಯ ಸುರಕ್ಷಿತ ಬಳಕೆಯ ಬಗ್ಗೆ ಸೇವಾ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಆದ್ದರಿಂದ ಭದ್ರತೆಯ ಸಾಲಿನಲ್ಲಿ ಡಬ್ಲ್ಯೂಪಿಎಯ ಎರಡನೆಯ ಅಥವಾ ಮೂರನೆಯ ರೂಪವನ್ನೇ ಆರಿಸಬೇಕು, ಒಳಪುಟಕ್ಕೆ ಕಂಪನಿ ಕೊಟ್ಟ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು, ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಮುಚ್ಚಿಡಬೇಕು. ಅದರ ಎಂಟಂಕಿಯ ಪಿನ್ನನ್ನು ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಊಹಿಸಬಹುದೆಂದು 2011ರಲ್ಲೇ ಬಯಲಾಗಿದೆ.

ಒಳಪುಟ ನಮ್ಮ ಕೈಗೆ ಎಷ್ಟು ಸಿಗಬೇಕೆಂಬುದೂ ಹೋರಾಟದ ವಿಷಯವೇ ಆಗಿತ್ತು. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರಿನೊಳಗೆ ಲಿನಕ್ಸ್ ಇದೆಯೆಂದು ಕೆಲವು ಕುತೂಹಲಿಗಳು ಕಂಡುಹಿಡಿದರು. ಮುಕ್ತ ತಂತ್ರಾಂಶದ ಲೈಸೆನ್ಸಿನ ಪ್ರಕಾರ ಅದರ ಮೂಲ ಕೋಡನ್ನು ಪ್ರಕಟಿಸಲೇಬೇಕೆಂದು 2003ರಲ್ಲಿ ಒತ್ತಾಯ ಬಂತು, ಕೋಡ್ ಹೊರಬಂತು. ಮರುವರ್ಷ ಅದರಿಂದ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು. ಕಂಪನಿ ಕೈಬಿಟ್ಟ ಹಳೆಯ ಎಷ್ಟೋ ರೂಟರುಗಳಿಗೆ ಅದು ಇಂದಿಗೂ ಹೊಸ ಜೀವ ಕೊಡುತ್ತಿದೆ.

ಈ ಚರಿತ್ರೆ ಮುಗಿದಿಲ್ಲ. 1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಈಗ ವಿವಾದ 6 ಗಿಗಾಹರ್ಟ್ಸ್ ಬ್ಯಾಂಡಿನದು. ಅಮೆರಿಕ 2020ರಲ್ಲಿ 5925ರಿಂದ 7125 ಮೆಗಾಹರ್ಟ್ಸ್‌ವರೆಗಿನ ಇಡೀ ಜಾಗವನ್ನು ಲೈಸೆನ್ಸಿಲ್ಲದ ಬಳಕೆಗೆ ಬಿಟ್ಟಿತು. ಭಾರತದಲ್ಲಿ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಕರಡು ನಿಯಮ 6425 ಮೆಗಾಹರ್ಟ್ಸ್‌ಗೆ ನಿಂತಿತು. ಅದರ ಮೇಲಿನ ಭಾಗದ ಮೇಲೆ ಹರಾಜಿನಲ್ಲಿ ತರಂಗ ಕೊಳ್ಳುವ ಮೊಬೈಲ್ ಕಂಪನಿಗಳ ಕಣ್ಣಿದೆ. ಅವರ ವಾದದಲ್ಲೂ ತಿರುಳಿದೆ. ಊರಾಚೆಯ ರಸ್ತೆಯಲ್ಲಿ, ಹೊಲದ ನಡುವೆ ಮೊಬೈಲಿಗೆ ಜಾಲ ಸಿಗಬೇಕಾದರೆ ಗೋಪುರ ಬೇಕು, ಮನೆಯ ರೂಟರ್ ಅಲ್ಲಿಗೆ ಮುಟ್ಟದು. ಹರಾಜಾದ ಜಾಗಕ್ಕೆ ಬೊಕ್ಕಸಕ್ಕೆ ಹಣವೂ ಬರುತ್ತದೆ. ಗೋಮಾಳದ ಲಾಭ ಹೀಗೆ ಯಾವ ಲೆಕ್ಕದ ಪುಸ್ತಕದಲ್ಲೂ ಒಂದು ಮೊತ್ತವಾಗಿ ಕಾಣುವುದಿಲ್ಲ. ನಮ್ಮ ಊರುಗಳ ನೆಲದ ಗೋಮಾಳಗಳು ಒತ್ತುವರಿಯಾಗಿ, ಮಂಜೂರಾಗಿ ಕರಗಿದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಅವುಗಳ ಪರವಾಗಿ ಮಾತಾಡಲು ಪಹಣಿಯಲ್ಲಿ ಯಾರ ಹೆಸರೂ ಇರಲಿಲ್ಲ.

ತರಂಗಗಳ ಗೋಮಾಳಕ್ಕೂ ಒಡೆಯರ ಹೆಸರಿಲ್ಲ. ಅದರಲ್ಲಿ ದಿನವೂ ಮೇಯಿಸುವವರು ನಾವೇ: ಆನ್‌ಲೈನ್ ತರಗತಿ ಕೇಳುವ ವಿದ್ಯಾರ್ಥಿ, ಮನೆಯಿಂದ ಕೆಲಸ ಮಾಡುವವರು, ಹೊರದೇಶದಲ್ಲಿರುವ ಮಕ್ಕಳ ಮುಖವನ್ನು ಭಾನುವಾರ ಪರದೆಯ ಮೇಲೆ ನೋಡುವ ಅಪ್ಪ ಅಮ್ಮ. 6 ಗಿಗಾಹರ್ಟ್ಸ್‌ನ ಬಗ್ಗೆ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಉತ್ತರ ಬರೆಯುವವರು ಬಹುಪಾಲು ಕಂಪನಿಗಳು ಮತ್ತು ಅವುಗಳ ಒಕ್ಕೂಟಗಳು. ಒಳಪುಟವನ್ನು ಒಮ್ಮೆ ತೆರೆದು, ಚಾನೆಲ್ ಸರಿಪಡಿಸಿ, ಅಗಲ ತಗ್ಗಿಸಿ, ಪಾಸ್‌ವರ್ಡ್ ಬದಲಿಸಿದವರಿಗೆ ಆ ಚರ್ಚೆ ಪರಕೀಯವೆನಿಸುವುದಿಲ್ಲ. ಮುಂದಿನ ಸಲ ಅಭಿಪ್ರಾಯ ಕೇಳಿದಾಗ ಅವರೂ ಎರಡು ಸಾಲು ಬರೆಯಬಹುದು.